ಕೋಶಗಳ ನೇರ ಸಂವಹನ

ಕೋಶಗಳ ನೇರ ಸಂವಹನ : ಒಂದಕ್ಕೊಂದು ತಾಗಿಕೊಂಡಿರುವ ಜೀವಕೋಶಗಳು ರಕ್ತ, ನರ, ಹಾರ್ಮೋನುಗಳ ಮಧ್ಯಸ್ಥಿಕೆಯಿಲ್ಲದೆ ತಮ್ಮ ನಡುವಿನ ಸೂಕ್ಷ್ಮ ನಾಳಗಳ ಮೂಲಕ ಅಯಾನು, ಸಣ್ಣ ಅಣು ಹಾಗೂ ವಿದ್ಯುತ್ ಸಂಕೇತಗಳನ್ನು ಕೊಟ್ಟು ತೆಗೆದುಕೊಳ್ಳುವ ಕ್ರಿಯೆ. ಪ್ರಾಣಿಗಳಲ್ಲಿ ಇಂಥ ನಾಳಗಳ ಸಮೂಹವನ್ನು ಗ್ಯಾಪ್ ಜಂಕ್ಷನ್ ಎಂದೂ ಸಸ್ಯಗಳಲ್ಲಿರುವ ನಾಳಗಳನ್ನು ಪ್ಲಾಸ್ಮೋಡೆಸ್ಮಾಟಾ ಎಂದೂ ಕರೆಯುತ್ತಾರೆ. ರಚನೆಯಲ್ಲಾಗಲಿ ವಿಕಾಸದಲ್ಲಾಗಲಿ ಇವೆರಡಕ್ಕೂ ನಂಟಿಲ್ಲ. ಮಾಡುವ ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ. ಹೃದಯದ ಬಡಿತ, ಹೆರಿಗೆಯ ನೋವು, ಕಿವಿಯ ಶ್ರವಣಶಕ್ತಿ, ಕಬ್ಬಿನ ಸಿಹಿ ಎಲ್ಲಕ್ಕೂ ಇದು ಬೇಕು. ಕಬ್ಬು, ಗೋವಿನಜೋಳಗಳೇ ಮುಖ್ಯ ಬೆಳೆಗಳಾಗಿರುವ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೊಲಗಳಲ್ಲಿ ಈ ವಿಷಯದ ಸಸ್ಯಭಾಗಕ್ಕೆ ಬೇಕಾದ ಹೆಚ್ಚಿನ ಉದಾಹರಣೆಗಳು ಸಿಗುತ್ತವೆ. ಅದಕ್ಕೆಂದೇ ಇಲ್ಲಿ ಆ ಭಾಗವನ್ನು ತುಸು ವಿಸ್ತಾರವಾಗಿ ಹೇಳಿದೆ.

ಶಾಲೆಯ ಪಠ್ಯಪುಸ್ತಕಗಳಲ್ಲಿ ಕೋಶವನ್ನು ಒಂಟಿಯಾಗಿ, ಸುತ್ತ ಗೆರೆ ಎಳೆದು ಬಿಡಿಸುವುದು ರೂಢಿ. ನ್ಯೂಕ್ಲಿಯಸ್ಸು, ಮೈಟೊಕಾಂಡ್ರಿಯ ಎಲ್ಲಕ್ಕೂ ಬಾಣದ ಗುರುತು ಇರುತ್ತದೆ, ನೆರೆಯ ಕೋಶ ಮಾತ್ರ ಇರುವುದಿಲ್ಲ. ಅಂಗಾಂಶದ ನಿಜಸ್ಥಿತಿ ಹಳೆಯ ವಠಾರದ ಹಾಗೆ: ಮನೆಗಳು ಬೇರೆ ಬೇರೆ, ಆದರೆ ನಡುಗೋಡೆಯಲ್ಲಿ ಬಾಗಿಲುಗಳಿವೆ. ಯಾವ ಬಾಗಿಲು ಯಾವಾಗ ತೆರೆದಿರಬೇಕು, ಯಾವಾಗ ಮುಚ್ಚಬೇಕು ಎಂಬುದರ ಮೇಲೆ ಅಂಗದ ಆರೋಗ್ಯ ನಿಂತಿದೆ. ತೆರೆಯುವುದನ್ನು ಎಲ್ಲರೂ ಬರೆಯುತ್ತಾರೆ. ಮುಚ್ಚುವುದೂ ಅಷ್ಟೇ ಮುಖ್ಯವೆಂಬುದು ಮುಂದಿನ ಉದಾಹರಣೆಗಳಿಂದ ಗೊತ್ತಾಗುತ್ತದೆ.

ರಚನೆ : ಕಶೇರುಕಗಳಲ್ಲಿ ಗ್ಯಾಪ್ ಜಂಕ್ಷನ್ ಕಟ್ಟುವುದು ಕನೆಕ್ಸಿನ್ ಎಂಬ ಪ್ರೋಟೀನು. ಇದರ ಆರು ಅಣುಗಳು ಕೋಶಪೊರೆಯಲ್ಲಿ ಸುತ್ತಲೂ ಕೂಡಿ ಅರ್ಧನಾಳವಾಗುತ್ತವೆ. ಪಕ್ಕದ ಕೋಶದ ಪೊರೆಯಲ್ಲಿರುವ ಅರ್ಧನಾಳ ಇದಕ್ಕೆ ಎದುರಾಗಿ ಬಂದು ಜೋಡಿಕೊಂಡರೆ ಎರಡೂ ಕೋಶಗಳ ಒಳದ್ರವವನ್ನು ಕೂಡಿಸುವ ಪೂರ್ಣನಾಳ ಸಿದ್ಧವಾಯಿತು. ಬೇರೆ ಕಡೆ ಎರಡು ಪೊರೆಗಳ ನಡುವೆ ಇರುವುದಕ್ಕಿಂತ ಇಲ್ಲಿ ಅಂತರ ತೀರ ಕಡಿಮೆ, 2ರಿಂದ 4 ನ್ಯಾನೊಮೀಟರ್ ಅಷ್ಟೇ. ಇಂಥ ನೂರಾರು ನಾಳಗಳು ಒಂದೇ ಕಡೆ ಒತ್ತಾಗಿ ಕುಳಿತು ಹಾಳೆಯಂತೆ ಕಾಣುತ್ತವೆ. ಸುಮಾರು 1,000 ಡಾಲ್ಟನ್‌ಗಿಂತ ಹಗುರವಾದ ಅಣುಗಳಿಗೆ ಇದರಲ್ಲಿ ದಾರಿಯುಂಟು. ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು, ಗ್ಲೂಕೋಸು, ಎಟಿಪಿ, ಸೈಕ್ಲಿಕ್ ಎಎಂಪಿಯಂಥ ಸಂದೇಶವಾಹಕಗಳು ಹಾಯುತ್ತವೆ. ಪ್ರೋಟೀನುಗಳು ಹಾಯಲಾರವು. ಹೀಗಾಗಿ ನೆರೆಹೊರೆಯ ಕೋಶಗಳು ಶಕ್ತಿಯನ್ನೂ ಸುದ್ದಿಯನ್ನೂ ಹಂಚಿಕೊಳ್ಳುತ್ತವೆ, ತಮ್ಮತನವನ್ನು ಬಿಟ್ಟುಕೊಡುವುದಿಲ್ಲ.

ಮನುಷ್ಯನಲ್ಲಿ ಸುಮಾರು 20 ಬಗೆಯ ಕನೆಕ್ಸಿನ್‌ಗಳಿವೆ. ಅಣುತೂಕವನ್ನು ಕಿಲೊಡಾಲ್ಟನ್‌ನಲ್ಲಿ ಹೇಳಿ ಇವನ್ನು ಗುರುತಿಸುವುದು ವಾಡಿಕೆ: ಕನೆಕ್ಸಿನ್ 26, 32, 43 ಹೀಗೆ. ಇವುಗಳ ಆಯುಷ್ಯ ಕೆಲವೇ ಗಂಟೆ. ಕೋಶ ಇವನ್ನು ದಿನವಿಡೀ ಕಟ್ಟುತ್ತ, ಕೆಡವುತ್ತ ಇರುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ವಿಪರೀತ ಏರಿದರೆ ಅಥವಾ ಆಮ್ಲತೆ ಹೆಚ್ಚಾದರೆ ನಾಳ ಮುಚ್ಚಿಕೊಳ್ಳುತ್ತದೆ. ಕೀಟ, ಹುಳುಗಳಂಥ ಅಕಶೇರುಕಗಳಲ್ಲಿ ಇದೇ ಕೆಲಸವನ್ನು ಇನೆಕ್ಸಿನ್ ಎಂಬ ಬೇರೊಂದು ಪ್ರೋಟೀನು ಮಾಡುತ್ತದೆ.

ಶೋಧದ ಹಾದಿ : ಬಾಗಿಲನ್ನು ಕಣ್ಣಾರೆ ಕಾಣುವ ಮೊದಲೇ ಅದು ಇರಬೇಕೆಂದು ಊಹಿಸಿದವರಿದ್ದರು. 1870ರ ದಶಕದಲ್ಲಿ ಜರ್ಮನಿಯ ಶರೀರವಿಜ್ಞಾನಿ ಎಂಗೆಲ್ಮಾನ್, ಗಾಯಗೊಂಡ ಹೃದಯಸ್ನಾಯುವಿನ ಕೋಶಗಳು ಸತ್ತರೂ ಪಕ್ಕದವು ಸ್ವಲ್ಪ ಹೊತ್ತಿನಲ್ಲೇ ಚೇತರಿಸಿಕೊಳ್ಳುವುದನ್ನು ಗಮನಿಸಿದ್ದ. ಬದುಕಿರುವಾಗ ಒಟ್ಟಿಗೆ ಮಿಡಿಯುವ ಕೋಶಗಳು ಸಾಯುವಾಗ ಮಾತ್ರ ಒಂಟಿಯಾಗಿ ಸಾಯುತ್ತವೆ ಎಂಬುದು ಅವನ ತೀರ್ಮಾನದ ಸಾರ. ಸಸ್ಯಗಳ ವಿಷಯದಲ್ಲಿ ದಾರಿ ಇನ್ನೂ ಬೇಗ ಸ್ಪಷ್ಟವಾಯಿತು. 1879ರಲ್ಲಿ ಎಡ್ವರ್ಡ್ ಟಾಂಗ್ಲ್ ಬೀಜದೊಳಗಿನ ಆಹಾರ ಅಂಗಾಂಶದಲ್ಲಿ ಕೋಶಭಿತ್ತಿಯನ್ನು ಹಾದುಹೋಗುವ ಎಳೆಗಳನ್ನು ಕಂಡ. 1901ರಲ್ಲಿ ಸ್ಟ್ರಾಸ್‌ಬರ್ಗರ್ ಅವಕ್ಕೆ ಇಂದಿನ ಹೆಸರು ಕೊಟ್ಟ.

ಪ್ರಾಣಿಕೋಶಗಳ ಕಡೆ ನಿರ್ಣಾಯಕ ಕೆಲಸ ನಡೆದದ್ದು 1950ರ ನಂತರ. ಫರ್ಷ್‌ಪಾನ್ ಮತ್ತು ಪಾಟರ್ ಸಿಹಿನೀರಿನ ಕ್ರೇಫಿಶ್‌ನ ನರಗಳಲ್ಲಿ ಯಾವ ರಾಸಾಯನಿಕದ ನೆರವೂ ಇಲ್ಲದೆ ವಿದ್ಯುತ್ತು ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವುದನ್ನು ಅಳೆದರು. 1964ರಲ್ಲಿ ಲೋವೆನ್‌ಸ್ಟೈನ್ ಮತ್ತು ಕನ್ನೊ ಹಣ್ಣಿನ ನೊಣದ ಲಾಲಾಗ್ರಂಥಿಯಲ್ಲಿ ಇದನ್ನೇ ತೋರಿಸಿದಾಗ ಇದು ನರಗಳಿಗಷ್ಟೇ ಸೀಮಿತವಲ್ಲವೆಂದು ಗೊತ್ತಾಯಿತು. 1967ರಲ್ಲಿ ರೆವೆಲ್ ಮತ್ತು ಕಾರ್ನೊವ್‌ಸ್ಕಿ ಇಲಿಯ ಹೃದಯ, ಯಕೃತ್ತುಗಳಲ್ಲಿ ಪೊರೆಗಳ ನಡುವಿನ ಸಂದಿಗೆ ಲ್ಯಾಂಥನಂ ತುಂಬಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಷಡ್ಭುಜಾಕಾರವಾಗಿ ಜೋಡಿಸಿಟ್ಟಂತಿದ್ದ ನಾಳಗಳನ್ನು ಚಿತ್ರಿಸಿದರು. ಕನೆಕ್ಸಿನ್ ಜೀನುಗಳು ಕೈಗೆ ಸಿಕ್ಕಿದ್ದು 1986ರಲ್ಲಿ.

ಹೃದಯ : ಮೊಟ್ಟೆಯೊಳಗಿನ ಕೋಳಿಮರಿಯ ಹೃದಯದಿಂದ ಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಸಾಕಿದರೆ ಒಂದೊಂದು ಕೋಶವೂ ತನ್ನದೇ ಲಯದಲ್ಲಿ ಮಿಡಿಯುತ್ತಿರುತ್ತದೆ. ಒಂದು ಅವಸರದಲ್ಲಿ, ಇನ್ನೊಂದು ನಿಧಾನವಾಗಿ. ಬೆಳೆಯುತ್ತ ಬೆಳೆಯುತ್ತ ಎರಡು ಕೋಶ ತಾಗಿದವೆಂದರೆ, ಸ್ವಲ್ಪ ಹೊತ್ತಿನಲ್ಲಿ ಎರಡೂ ಒಂದೇ ಲಯಕ್ಕೆ ಬಂದುಬಿಡುತ್ತವೆ. ತಟ್ಟೆಯಲ್ಲಿ ನಡೆಯುವ ಈ ಹೊಂದಾಣಿಕೆಯೇ ಎದೆಯೊಳಗೆ ಕೋಟ್ಯಂತರ ಕೋಶಗಳ ನಡುವೆ ಪ್ರತಿ ಬಡಿತಕ್ಕೂ ನಡೆಯುತ್ತದೆ.

ಬಲ ಹೃತ್ಕರ್ಣದ ಮೇಲ್ಭಾಗದ ಗತಿನಿಯಂತ್ರಕ ಗಂಟಿನಲ್ಲಿ ಹುಟ್ಟಿದ ವಿದ್ಯುತ್ ಅಲೆಯನ್ನು ಸ್ನಾಯುಕೋಶಗಳು ಕೋಶದಿಂದ ಕೋಶಕ್ಕೆ ಸಾಗಿಸುತ್ತವೆ. ಪ್ರತಿಯೊಂದು ಹೃದಯಕೋಶಕ್ಕೂ ನರದ ತುದಿ ಬಂದು ತಾಗಬೇಕಿಲ್ಲ. ಹೃತ್ಕುಕ್ಷಿಗಳಲ್ಲಿ ಕನೆಕ್ಸಿನ್ 43, ವೇಗವಾಗಿ ಒಯ್ಯುವ ಪರ್ಕಿಂಜೆ ತಂತುಗಳಲ್ಲಿ ಕನೆಕ್ಸಿನ್ 40, ಅಲೆಯನ್ನು ಬೇಕೆಂದೇ ತಡೆಹಿಡಿಯುವ ಗಂಟುಗಳಲ್ಲಿ ಕನೆಕ್ಸಿನ್ 45 ಹೆಚ್ಚು. ಈ ಹಂಚಿಕೆಯಿಂದಲೇ ಹೃತ್ಕರ್ಣ ಹಿಂಡಿ ಮುಗಿಸಿದ ಮೇಲೆ ಹೃತ್ಕುಕ್ಷಿ ಹಿಂಡುವಷ್ಟು ವ್ಯವಧಾನ ಸಿಗುತ್ತದೆ.

ಹೃದಯಾಘಾತವಾದಾಗ ರಕ್ತ ಸಿಗದ ಕೋಶಗಳಲ್ಲಿ ಆಮ್ಲತೆಯೂ ಕ್ಯಾಲ್ಸಿಯಮ್ಮೂ ಏರಿ ಬಾಗಿಲುಗಳು ಮುಚ್ಚುತ್ತವೆ. ಸಾಯುತ್ತಿರುವ ಕೋಶದ ವಿಷಮಸ್ಥಿತಿ ಬದುಕಿರುವ ನೆರೆಯ ಕೋಶಕ್ಕೆ ಹರಿಯದಂತೆ ತಡೆಯುವುದು ಇದರ ಲಾಭ. ಎಂಗೆಲ್ಮಾನ್ ಕಂಡದ್ದು ಇದನ್ನೇ. ನಷ್ಟವೂ ಇದೆ. ಗಾಯದ ಅಂಚಿನಲ್ಲಿ ಕನೆಕ್ಸಿನ್ 43 ಕೋಶದ ತುದಿ ಬಿಟ್ಟು ಅಡ್ಡಬದಿಗಳಿಗೆ ಸರಿಯುತ್ತದೆ, ವಿದ್ಯುತ್ತಿನ ಹಾದಿ ಅಡ್ಡಾದಿಡ್ಡಿಯಾಗುತ್ತದೆ, ಅಲೆ ಸುತ್ತು ಹೊಡೆದು ಬಂದಲ್ಲಿಗೇ ಮರಳತೊಡಗುತ್ತದೆ. ಆಘಾತದಿಂದ ಪಾರಾದವರನ್ನು ಆಮೇಲೆ ಕಾಡುವ ಅಪಾಯಕಾರಿ ಲಯದೋಷಗಳಲ್ಲಿ ಹಲವಕ್ಕೆ ಮೂಲ ಈ ಅಂಚು.

ಗರ್ಭಕೋಶದ್ದು ಇದಕ್ಕೆ ತದ್ವಿರುದ್ಧ ಕಥೆ. ಒಂಬತ್ತು ತಿಂಗಳು ಅದರ ಸ್ನಾಯುಕೋಶಗಳ ನಡುವೆ ಬಾಗಿಲುಗಳು ಇಲ್ಲವೆನ್ನುವಷ್ಟು ಕಡಿಮೆ. ಪ್ರೊಜೆಸ್ಟರಾನ್ ಅವನ್ನು ಕಟ್ಟಗೊಡುವುದಿಲ್ಲ. ಅಲ್ಲೊಂದು ಇಲ್ಲೊಂದು ಕೋಶ ಸಂಕುಚಿಸಿದರೂ ಸುದ್ದಿ ಹರಡುವುದಿಲ್ಲ, ಮಗು ನೆಮ್ಮದಿಯಾಗಿರುತ್ತದೆ. ಹೆರಿಗೆ ಹತ್ತಿರವಾದಾಗ ಈಸ್ಟ್ರೋಜೆನ್ ಪ್ರಭಾವ ಮೇಲಾಗಿ ಕನೆಕ್ಸಿನ್ 43 ಒಮ್ಮೆಲೇ ಹೆಚ್ಚುತ್ತದೆ, ಇಡೀ ಗರ್ಭಕೋಶ ಒಂದೇ ಸ್ನಾಯುವಿನಂತೆ ಹಿಂಡತೊಡಗುತ್ತದೆ. 1977ರಲ್ಲಿ ಗಾರ್ಫೀಲ್ಡ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನು ಮೊದಲಿಗೆ ತೋರಿಸಿದರು.

ಇತರ ಅಂಗಗಳನ್ನು ಚುಟುಕಾಗಿ ಹೇಳಬಹುದು. ಮೇದೋಜೀರಕದ ಬೀಟಾ ಕೋಶಗಳು ಕನೆಕ್ಸಿನ್ 36ರ ಮೂಲಕ ಕೂಡಿಕೊಂಡು ಇನ್ಸುಲಿನ್ನನ್ನು ಒಟ್ಟಾಗಿ ಅಲೆಅಲೆಯಾಗಿ ಬಿಡುತ್ತವೆ. ಕಣ್ಣಿನ ಮಸೂರಕ್ಕೆ ರಕ್ತನಾಳವೇ ಇಲ್ಲ. ನಡುಭಾಗದ ಕೋಶಗಳನ್ನು ಅಂಚಿನ ಕೋಶಗಳೇ ಕನೆಕ್ಸಿನ್ 46 ಮತ್ತು 50ರ ಮೂಲಕ ಸಾಕುತ್ತವೆ, ಇವು ಕೆಟ್ಟರೆ ಎಳೆಯ ಮಕ್ಕಳಿಗೇ ಕಣ್ಣಿನ ಪೊರೆ ಬರುತ್ತದೆ. ಕನೆಕ್ಸಿನ್ 32ರ ದೋಷದಿಂದ ಕೈಕಾಲುಗಳ ನರ ಸವೆಯುವ ಒಂದು ಆನುವಂಶಿಕ ಕಾಯಿಲೆ ಬರುವುದು 1993ರಲ್ಲಿ ಪತ್ತೆಯಾಯಿತು. ಕ್ಯಾನ್ಸರ್ ಕೋಶಗಳಲ್ಲಿ ಈ ಸಂಪರ್ಕ ತಪ್ಪಿರುತ್ತದೆಂದು ಲೋವೆನ್‌ಸ್ಟೈನ್ 1966ರಷ್ಟು ಹಿಂದೆಯೇ ಬರೆದಿದ್ದ. ಎಲ್ಲ ಕ್ಯಾನ್ಸರುಗಳಿಗೂ ಎಲ್ಲ ಹಂತಗಳಿಗೂ ಆ ಮಾತು ಹೊಂದುವುದಿಲ್ಲವೆಂಬುದು ಈಗಿನ ತಿಳಿವಳಿಕೆ. ನಾಳಗಳಿಲ್ಲದೆಯೂ ನೆರೆಯ ಕೋಶಗಳು ಮಾತಾಡಬಲ್ಲವು. ಒಂದರ ಮೈಮೇಲಿನ ಡೆಲ್ಟಾ ಪ್ರೋಟೀನು ಇನ್ನೊಂದರ ಮೇಲಿನ ನಾಚ್ ಪ್ರೋಟೀನನ್ನು ಮುಟ್ಟಿ, ನೀನು ನನ್ನಂತಾಗಬೇಡ ಎಂದು ತಡೆಯುವ ವಿಧಾನ ಭ್ರೂಣದ ಬೆಳವಣಿಗೆಯಲ್ಲಿ ಬಹು ಮುಖ್ಯವಾದದ್ದು.

ಕಬ್ಬಿನ ಎಲೆ ಮತ್ತು ಗಣಿಕೆ : ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ಮತ್ತು ಘಟಪ್ರಭಾ ಕಾಲುವೆಗಳ ನೀರು ಹರಿಯುವ ಈ ಸೀಮೆಯಲ್ಲಿ ರೈತನೂ ಕಾರ್ಖಾನೆಯೂ ದಿನನಿತ್ಯ ಆಡುವ ಮಾತು ರಿಕವರಿ, ಅಂದರೆ ನೂರು ಕಿಲೊ ಕಬ್ಬಿಗೆ ಎಷ್ಟು ಕಿಲೊ ಸಕ್ಕರೆ ಬಂತು ಎಂಬ ಲೆಕ್ಕ. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿಪಡಿಸುವ ಎಫ್‌ಆರ್‌ಪಿ ದರ 2022–23ರ ಹಂಗಾಮಿನಿಂದ ಶೇಕಡ 10.25ರ ರಿಕವರಿಗೆ ಕಟ್ಟಿದ್ದು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಹೂಡಿದ ಧರಣಿಯಲ್ಲೂ ರಿಕವರಿಯ ವಾದ ಬಂದೇ ಬಂತು. ತೂಕದ ಕಾಟಾ, ಕಟಾವಿನ ವಿಳಂಬ, ತಳಿ, ನೀರು, ಗೊಬ್ಬರ ಎಲ್ಲವೂ ಆ ಅಂಕಿಯನ್ನು ಏರಿಸಿ ಇಳಿಸುತ್ತವೆ. ಆದರೆ ಸಕ್ಕರೆ ಎಲೆಯಲ್ಲಿ ಹುಟ್ಟಿ ಗಣಿಕೆಗೆ ಇಳಿಯುವ ಹಾದಿಯ ಉದ್ದಕ್ಕೂ ಕೋಶಗಳ ನಡುವಿನ ಬಾಗಿಲುಗಳೇ ಇವೆ.

ಕಬ್ಬಿನ ಎಲೆಯನ್ನು ಬ್ಲೇಡಿನಿಂದ ಅಡ್ಡಕ್ಕೆ ತೆಳ್ಳಗೆ ಸೀಳಿ, ಒಂದು ಹನಿ ನೀರಿನಲ್ಲಿಟ್ಟು ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು, ಪ್ರತಿ ನಾಳಕೂರ್ಚದ ಸುತ್ತ ದಪ್ಪಗಿನ, ಅಚ್ಚಹಸಿರು ಕೋಶಗಳ ಬಳೆಯೊಂದು ಕಾಣುತ್ತದೆ. ಇದು ಕಟ್ಟುಕವಚ. ಅದರ ಹೊರಗೆ ತೆಳುಹಸಿರಿನ ಇನ್ನೊಂದು ಸುತ್ತು, ಪತ್ರಮಧ್ಯ ಕೋಶಗಳದು. ಒಂದು ನಾಳಕೂರ್ಚದಿಂದ ಮುಂದಿನದಕ್ಕೆ ಹೋಗುವಾಗ ನಡುವೆ ಪತ್ರಮಧ್ಯ ಕೋಶಗಳು ಎರಡು ಮೂರಕ್ಕಿಂತ ಹೆಚ್ಚು ಸಿಗುವುದಿಲ್ಲ. ಹೀಗಾಗಿ ಪ್ರತಿ ಪತ್ರಮಧ್ಯ ಕೋಶವೂ ಕಟ್ಟುಕವಚಕ್ಕೆ ತಾಗಿಯೋ ತೀರ ಹತ್ತಿರವೋ ಇರುತ್ತದೆ. ಈ ಅಚ್ಚುಕಟ್ಟು ಸುಮ್ಮನೆ ಬಂದುದಲ್ಲ.

1965ರಲ್ಲಿ ಹವಾಯಿಯ ಕೊರ್ಟ್‌ಶಾಕ್ ಮತ್ತು ಸಂಗಡಿಗರು, 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಎಲೆಯಲ್ಲೇ ಕಂಡುಹಿಡಿದ ಸಿ-4 ದ್ಯುತಿಸಂಶ್ಲೇಷಣೆ ಎರಡು ಕೋಶಗಳ ಪಾಲುದಾರಿಕೆ. ಪತ್ರಮಧ್ಯ ಕೋಶ ಇಂಗಾಲದ ಡೈಆಕ್ಸೈಡನ್ನು ಹಿಡಿದು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕಟ್ಟುಕವಚಕ್ಕೆ ದಾಟಿಸುತ್ತದೆ. ಅಲ್ಲಿ ಅದು ಮತ್ತೆ ಬಿಡುಗಡೆಯಾಗಿ, ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಸಾಂದ್ರವಾಗಿ ಸಕ್ಕರೆ ತಯಾರಿಗೆ ಒದಗುತ್ತದೆ. ಉಳಿದ ಪೈರುವಿಕ್ ಆಮ್ಲ ಹಿಂದಿರುಗುತ್ತದೆ. ಕಬ್ಬಿನಲ್ಲಿ ಕಟ್ಟುಕವಚದ ಗೋಡೆಯೊಳಗೆ ಸುಬೆರಿನ್ ಎಂಬ ಮೇಣದಂಥ ಪದರವಿದ್ದು, ಗೋಡೆಯ ಮೂಲಕ ಸೋರಿ ಹೋಗಲು ಬಿಡುವುದಿಲ್ಲ. ಹೋಗುವುದೂ ಬರುವುದೂ ಪ್ಲಾಸ್ಮೋಡೆಸ್ಮಾಟಾಗಳಿಂದಲೇ. ಒಂದೊಂದರ ಅಗಲ ಸುಮಾರು 30ರಿಂದ 50 ನ್ಯಾನೊಮೀಟರ್. ನಡುವೆ ಕೋಶದೊಳಗಿನ ಜಾಲಪೊರೆಯ ಸಣ್ಣ ಕೊಳವೆಯೊಂದು ಎರಡೂ ಕೋಶಗಳಿಗೆ ಹಾದಿರುತ್ತದೆ. ಬಿಸಿಲು ಏರಿದಷ್ಟೂ ಚುರುಕಾಗಿ ದುಡಿಯುವ ಕಬ್ಬಿನ ಶಕ್ತಿಗೆ ಈ ಪಾಲುದಾರಿಕೆ ಕಾರಣ. ಎರಡು ಬಗೆಯ ಕೋಶಗಳಲ್ಲಿ ಒಂದೇ ಇದ್ದಿದ್ದರೆ ಅಥವಾ ಅವುಗಳ ನಡುವೆ ಬಾಗಿಲಿಲ್ಲದಿದ್ದರೆ ಈ ಯಂತ್ರ ನಡೆಯುತ್ತಲೇ ಇರಲಿಲ್ಲ.

ಸಕ್ಕರೆ ಎಲೆಯಿಂದ ಹೊರಡುವ ಮುಂದಿನ ಹಂತಕ್ಕೆ ಸಾಕ್ಷಿ ಒದಗಿಸಿದ್ದು ಗೋವಿನಜೋಳ. ಅದರಲ್ಲಿ ಎಸ್‌ಎಕ್ಸ್‌ಡಿ-1 ಎಂಬ ಒಂದು ರೂಪಾಂತರ ತಳಿಯಿದೆ. ಕಟ್ಟುಕವಚಕ್ಕೂ ಒಳಗಿನ ಆಹಾರನಾಳದ ಕೋಶಗಳಿಗೂ ನಡುವಿನ ಬಾಗಿಲುಗಳು ಇದರ ಎಲೆಯಲ್ಲಿ ಮುಚ್ಚಿಹೋಗಿರುತ್ತವೆ. ಸಕ್ಕರೆ ತಯಾರಾಗುತ್ತದೆ, ಹೊರಗೆ ಹೋಗುವುದಿಲ್ಲ. ಎಲೆಯ ತುದಿಯಿಂದ ನೇರಳೆಕೆಂಪು ಬಣ್ಣ ಏರುತ್ತದೆ, ಪಿಷ್ಟ ಗಡ್ಡೆಕಟ್ಟುತ್ತದೆ, ಗಿಡ ಕುಳ್ಳಾಗುತ್ತದೆ. ಗೊಬ್ಬರ ಎಷ್ಟು ಸುರಿದರೂ ಇಂಥ ಗಿಡಕ್ಕೆ ಪ್ರಯೋಜನವಿಲ್ಲ. ಹೊಲದಲ್ಲಿ ಎಲೆ ಕೆಂಪಾಗಲು ರಂಜಕದ ಕೊರತೆ, ಚಳಿ ಮುಂತಾದ ಬೇರೆ ಕಾರಣಗಳೇ ಸಾಮಾನ್ಯ, ಎಸ್‌ಎಕ್ಸ್‌ಡಿ-1 ಪ್ರಯೋಗಾಲಯದ ಗಿಡ; ಇದನ್ನು ಓದಿ ಯಾರೂ ಗಾಬರಿಯಾಗಬೇಕಿಲ್ಲ.

ಎಲೆಯಿಂದ ಇಳಿದ ಸಕ್ಕರೆ ಗಣಿಕೆಯಲ್ಲಿ ಆಹಾರನಾಳ ಬಿಟ್ಟು ತಿರುಳಿನ ಸಂಗ್ರಹಕೋಶಗಳಿಗೆ ಸೇರಬೇಕಾದರೂ ಬಹುಮಟ್ಟಿಗೆ ಇದೇ ಬಗೆಯ ನಾಳಗಳ ದಾರಿ ಹಿಡಿಯುತ್ತದೆ. ಎಲ್ಲ ಸಸ್ಯಕೋಶಗಳಿಗೂ ಬಾಗಿಲು ಬೇಕೆಂದೇನಿಲ್ಲ. ಎಲೆಯ ರಂಧ್ರಗಳನ್ನು ಕಾಯುವ ಕಾವಲು ಕೋಶಗಳು ಬಲಿತ ಮೇಲೆ ನೆರೆಹೊರೆಯ ನಾಳಗಳನ್ನೆಲ್ಲ ಮುಚ್ಚಿಕೊಂಡುಬಿಡುತ್ತವೆ. ತಮ್ಮೊಳಗಿನ ಒತ್ತಡವನ್ನು ಏರಿಸಿ ಇಳಿಸಿ ರಂಧ್ರ ತೆರೆಯಬೇಕಾದ ಕೋಶದ ದ್ರವ ಪಕ್ಕಕ್ಕೆ ಸೋರಿದರೆ ಕೆಲಸ ಕೆಡುತ್ತದೆ. ಮುಚ್ಚುವ ಸಾಮಾನ್ಯ ಉಪಾಯ ಕ್ಯಾಲೋಸ್ ಎಂಬ ಪದಾರ್ಥವನ್ನು ನಾಳದ ಕತ್ತಿನಲ್ಲಿ ಶೇಖರಿಸುವುದು. ಗಾಯವಾದಾಗ, ರೋಗ ತಗುಲಿದಾಗ ಗಿಡ ಮಾಡುವುದೂ ಇದನ್ನೇ.

ವೈರಸ್ಸುಗಳಿಗೆ ಈ ಬಾಗಿಲುಗಳ ದಾರಿ ಚೆನ್ನಾಗಿ ಗೊತ್ತು. ಸಸ್ಯಕೋಶದ ಗಟ್ಟಿಗೋಡೆಯನ್ನು ಅವು ಒಡೆಯಲಾರವು, ಬಾಗಿಲನ್ನೇ ಹಿಗ್ಗಿಸುತ್ತವೆ. ತಂಬಾಕಿನ ಮೊಸಾಯಿಕ್ ವೈರಸ್ಸಿನ ಚಲನಪ್ರೋಟೀನು ನಾಳದ ಮಿತಿಯನ್ನು ಹಲವು ಪಟ್ಟು ಹಿಗ್ಗಿಸುವುದು 1989ರಲ್ಲಿ ಖಚಿತವಾಯಿತು. ಕಬ್ಬಿನ ಮೊಸಾಯಿಕ್ ವೈರಸ್ಸು ಹರಡುವುದೂ ಕೋಶದಿಂದ ಕೋಶಕ್ಕೆ ಈ ದಾರಿಯಲ್ಲೇ. ಹೊಲದಿಂದ ಹೊಲಕ್ಕೆ ಅದನ್ನು ಒಯ್ಯುವುದು ಗಿಡಹೇನುಗಳು ಮತ್ತು ರೋಗ ತಗುಲಿದ ಬೀಜದ ಕಬ್ಬು. ಎಳೆ ಎಲೆಯ ಮೇಲೆ ತಿಳಿ ಹಳದಿ, ಹಸಿರು ಮಚ್ಚೆಗಳು ಉದ್ದುದ್ದ ಗೀಟಿನಂತೆ ಕಂಡರೆ ಅನುಮಾನಿಸಬೇಕು. ಸುಳಿಯ ತುತ್ತತುದಿಯ ಬೆಳೆಯುವ ಅಂಗಾಂಶಕ್ಕೆ ವೈರಸ್ಸು ಸಾಮಾನ್ಯವಾಗಿ ತಲುಪುವುದಿಲ್ಲವಾದ್ದರಿಂದ, ಆ ಚೂರನ್ನೇ ತೆಗೆದು ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಸಸಿಗಳು ಸಾಮಾನ್ಯವಾಗಿ ವೈರಸ್‌ಮುಕ್ತವಾಗಿರುತ್ತವೆ. ಮೂರು ಕಣ್ಣಿನ ತುಂಡು ನೆಡುವವರು ರೋಗವಿಲ್ಲದ ತಾಕಿನಿಂದ, ಕುಳೆ ಕಬ್ಬಿನಿಂದಲ್ಲದೆ ನಾಟಿ ಕಬ್ಬಿನಿಂದ ಬೀಜ ಆಯ್ದುಕೊಳ್ಳಬೇಕೆಂಬ ಸಲಹೆಯ ಹಿಂದಿರುವ ಕಾರಣಗಳಲ್ಲಿ ವೈರಸ್ಸು ಬೀಜದ ಕಬ್ಬಿನೊಂದಿಗೆ ಸಾಗುವುದೂ ಒಂದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಕೇಶ್ವರ ಕೃಷಿ ಸಂಶೋಧನಾ ಕೇಂದ್ರ ಹುಕ್ಕೇರಿ ತಾಲೂಕಿನಲ್ಲೇ ಇದ್ದು ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡುತ್ತದೆ. ಎಸ್‌ಎನ್‌ಕೆ ಎಂದು ಶುರುವಾಗುವ ತಳಿಗಳು ಅಲ್ಲಿಯವು. ಬೀಜದ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಅಲ್ಲಿನವರನ್ನು ಕೇಳುವುದು ಮೇಲು.

ಕಿವಿ : ಮನುಷ್ಯನಲ್ಲಿ ಗ್ಯಾಪ್ ಜಂಕ್ಷನ್ನಿನ ಬಾಗಿಲು ಕೆಟ್ಟು ಬರುವ ದೋಷಗಳಲ್ಲಿ ಅತಿ ಹೆಚ್ಚು ಕುಟುಂಬಗಳನ್ನು ತಟ್ಟುವುದು ಹುಟ್ಟುಕಿವುಡು. ಒಳಕಿವಿಯ ಬಸವನಹುಳುವಿನಾಕಾರದ ಕಾಕ್ಲಿಯಾದಲ್ಲಿ ಶಬ್ದವನ್ನು ಗ್ರಹಿಸುವ ಕೂದಲುಕೋಶಗಳಿವೆ. ಶಬ್ದ ಬಂದಾಗಲೆಲ್ಲ ಅವುಗಳೊಳಗೆ ಪೊಟ್ಯಾಸಿಯಂ ನುಗ್ಗಿ, ಬುಡದಿಂದ ಹೊರಬೀಳುತ್ತದೆ. ಆ ಪೊಟ್ಯಾಸಿಯಮ್ಮನ್ನು ಸುತ್ತಲಿನ ಆಧಾರಕೋಶಗಳು ಹೀರಿಕೊಂಡು ಕನೆಕ್ಸಿನ್ 26 ಮತ್ತು 30ರ ನಾಳಗಳ ಮೂಲಕ ಕೈಯಿಂದ ಕೈಗೆ ದಾಟಿಸಿ ಮತ್ತೆ ಮೂಲದ್ರವಕ್ಕೆ ಸೇರಿಸುತ್ತವೆ ಎಂಬುದು ಬಹುಕಾಲದ ವಿವರಣೆ. ಕಾಕ್ಲಿಯಾ ಸರಿಯಾಗಿ ಬೆಳೆಯಲಿಕ್ಕೂ ಕನೆಕ್ಸಿನ್ 26 ಬೇಕೆಂದು ಇತ್ತೀಚಿನ ಇಲಿಗಳ ಅಧ್ಯಯನಗಳು ತೋರಿಸಿವೆ.

13ನೆಯ ವರ್ಣತಂತುವಿನಲ್ಲಿರುವ ಜಿಜೆಬಿ-2 ಜೀನು ಕನೆಕ್ಸಿನ್ 26ನ್ನು ತಯಾರಿಸುತ್ತದೆ. ಇದರ ದೋಷಕ್ಕೂ ಕಿವುಡಿಗೂ ಇರುವ ಸಂಬಂಧ 1997ರಲ್ಲಿ ಬೆಳಕಿಗೆ ಬಂತು. ಯುರೋಪಿನಲ್ಲಿ ಒಂದು ಬಗೆಯ ದೋಷ ಹೆಚ್ಚಾದರೆ ಪೂರ್ವ ಏಷ್ಯದಲ್ಲಿ ಇನ್ನೊಂದು, ಭಾರತದಲ್ಲಿ ಡಬ್ಲ್ಯು24ಎಕ್ಸ್ ಎಂಬುದು ಹೆಚ್ಚು. ಪ್ರೋಟೀನಿನ 24ನೆಯ ಸ್ಥಾನದಲ್ಲೇ ತಯಾರಿ ನಿಂತುಹೋಗುವ ಈ ದೋಷ ಯುರೋಪಿನ ರೋಮಾ ಜನರಲ್ಲೂ ಕಾಣುತ್ತದೆ. ಅವರ ಪೂರ್ವಿಕರು ಭಾರತದಿಂದ ಹೋದವರೆಂಬ ಭಾಷಾವಿಜ್ಞಾನದ ಮಾತಿಗೆ ಕಿವಿಯೊಳಗಿನ ಒಂದು ಪ್ರೋಟೀನು ಹೀಗೆ ಸಾಕ್ಷಿ ಹೇಳಿತು.

ಈ ಕಿವುಡು ಬರಬೇಕಾದರೆ ತಾಯಿಯಿಂದಲೂ ತಂದೆಯಿಂದಲೂ ಈ ಜೀನಿನ ಕೆಟ್ಟ ಪ್ರತಿ ಬರಬೇಕು. ಒಂದೇ ಕೆಟ್ಟ ಪ್ರತಿ ಇರುವವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ತಂದೆತಾಯಿ ಇಬ್ಬರೂ ಅಂಥವರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಿವುಡು ಬರುವ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸೋದರಮಾವ, ಅತ್ತೆಯ ಮಗ, ಮಾವನ ಮಗಳ ಜೊತೆ ಮದುವೆಯಾಗುವ ಪದ್ಧತಿ ಕರ್ನಾಟಕದಲ್ಲಿ ಇನ್ನೂ ಗಟ್ಟಿಯಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ರಾಜ್ಯದ ಮದುವೆಗಳಲ್ಲಿ ಸುಮಾರು ಕಾಲುಭಾಗ ರಕ್ತಸಂಬಂಧದೊಳಗಿನವು. ಒಂದೇ ಅಜ್ಜನಿಂದ ಬಂದ ಕೆಟ್ಟ ಪ್ರತಿ ಗಂಡನಲ್ಲೂ ಹೆಂಡತಿಯಲ್ಲೂ ಇರುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು. ಹೊಲ ಹಂಚಿಹೋಗಬಾರದು, ಮಗಳು ದೂರ ಹೋಗಬಾರದು ಎಂಬ ಕಾರಣಗಳು ಸುಳ್ಳಲ್ಲ. ಆದರೆ ಮನೆತನದಲ್ಲಿ ಈಗಾಗಲೇ ಹುಟ್ಟುಕಿವುಡರಿದ್ದರೆ ಸಂಬಂಧ ಬೆಳೆಸುವ ಮೊದಲು ಜೀನು ಪರೀಕ್ಷೆ, ಆಪ್ತಸಲಹೆ ಪಡೆಯುವುದೇ ಬುದ್ಧಿವಂತಿಕೆ. ತಾಯಿಯನ್ನು ದೂರುವುದು, ಗ್ರಹಣದ ಮೇಲೆ ಹಾಕುವುದು ಎರಡಕ್ಕೂ ಆಧಾರವಿಲ್ಲ.

ಜಿಜೆಬಿ-2 ಕಿವುಡಿನಲ್ಲಿ ಶ್ರವಣನರ ಸಾಮಾನ್ಯವಾಗಿ ಸರಿಯಾಗಿರುತ್ತದೆ, ಕೆಟ್ಟಿರುವುದು ಕಾಕ್ಲಿಯಾ ಮಾತ್ರ. ಆದ್ದರಿಂದ ಶಬ್ದವನ್ನು ವಿದ್ಯುತ್ತಾಗಿಸಿ ನರಕ್ಕೆ ನೇರ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಇಂಥ ಮಕ್ಕಳಲ್ಲಿ ಒಳ್ಳೆಯ ಫಲ ಕೊಡುತ್ತದೆ, ಬೇಗ ಹಾಕಿಸಿದಷ್ಟೂ ಮಾತು ಬೇಗ ಬರುತ್ತದೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ರಾಜ್ಯಕ್ಕಿರುವ ದೊಡ್ಡ ಆಸರೆ. ಹುಟ್ಟಿದ ಒಂದು ತಿಂಗಳೊಳಗೆ ಮಗುವಿನ ಕಿವಿಯ ತಪಾಸಣೆ, ದೋಷ ಕಂಡರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಎಲ್ಲೆಡೆ ಒಪ್ಪಿತವಾದ ಕ್ರಮ. ತಪಾಸಣೆಯಲ್ಲಿ ನೋವಿಲ್ಲ, ಮಗು ಮಲಗಿದ್ದಾಗಲೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಹೆರಿಗೆಯಾದ ಆಸ್ಪತ್ರೆಯಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಲಸಿಕೆ ಹಾಕಿಸಲು ಹೋದಾಗ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ, ತಪಾಸಣೆ ಎಲ್ಲಿ ಮಾಡುತ್ತಾರೆಂದು ತಿಳಿದು ಮಾಡಿಸಿಕೊಳ್ಳಬೇಕು.